ವಿಹಾರದ ಕೆರೆಗೂ ತೂಬು ಬೇಕು, ಕೋಡಿ ಬೇಕು: ಓದುಗರ ಪ್ರಶ್ನೆಗಳಿಗೆ ಉತ್ತರ

ಊರುಗಳ ನಡುವೆ ಉಳಿದುಕೊಂಡಿರುವ, ಇಂದು ವಾಯುವಿಹಾರಕ್ಕೂ ದೋಣಿವಿಹಾರಕ್ಕೂ ಬಳಕೆಯಾಗುತ್ತಿರುವ ಸಣ್ಣ ಕೆರೆಗಳ ಬಗ್ಗೆ ಓದುಗರು ಕಳುಹಿಸಿದ ಪ್ರಶ್ನೆಗಳಲ್ಲಿ ಕೆಲವನ್ನು ಆಯ್ದು ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನಾನು ದಿನವೂ ಬೆಳಿಗ್ಗೆ ಸ್ಯಾಂಕಿ ಕೆರೆಯ ಸುತ್ತ ನಡೆಯುತ್ತೇನೆ. ಇದು ತಾನಾಗಿ ಆದ ಸರೋವರವಲ್ಲ, ಅಣೆಕಟ್ಟಿನ ಹಿಂದೆ ನಿಂತ ನೀರು ಎಂದು ಜೊತೆಯಲ್ಲಿ ನಡೆಯುವ ಹಿರಿಯರೊಬ್ಬರು ಹೇಳಿದರು. ಇಷ್ಟು ಚಿಕ್ಕ ಕೆರೆಯ ಏರಿಯನ್ನು ಅಣೆಕಟ್ಟು ಎನ್ನಬಹುದೆ? ಇದನ್ನು ಯಾವ ಉದ್ದೇಶಕ್ಕಾಗಿ ಕಟ್ಟಿದರು? (ಓದುಗರೊಬ್ಬರು, ಮಲ್ಲೇಶ್ವರ, ಬೆಂಗಳೂರು)

ಉತ್ತರ: ಹಿರಿಯರು ಹೇಳಿದ್ದು ಸರಿ. ಬೆಂಗಳೂರಿನ ಯಾವ ಕೆರೆಯೂ ತಾನಾಗಿ ಆದದ್ದಲ್ಲ. ಮಳೆಯ ನೀರು ಹರಿದುಹೋಗುವ ತಗ್ಗಿಗೆ ಅಡ್ಡಲಾಗಿ ಮಣ್ಣಿನ ಏರಿ ಹಾಕಿ, ಒಳಮೈಗೆ ಕಲ್ಲು ಹೊದಿಸಿ, ನೀರನ್ನು ಬೇಕಾದಾಗ ಬಿಡಲು ತೂಬನ್ನೂ ಹೆಚ್ಚಾದ ನೀರು ತಾನಾಗಿ ಹೊರಹೋಗಲು ಕೋಡಿಯನ್ನೂ ಇಟ್ಟರೆ ಅದು ಅಣೆಕಟ್ಟೇ. ಎತ್ತರ ಐದು ಮೀಟರ್ ಇರಲಿ ಐವತ್ತು ಇರಲಿ, ಅದರ ಮೇಲೆ ನೀರು ಹಾಕುವ ಒತ್ತಡದ ನಿಯಮ ಬದಲಾಗುವುದಿಲ್ಲ.

ಸ್ಯಾಂಕಿ ಕೆರೆ ನಿರ್ಮಾಣವಾದದ್ದು 1882ರಲ್ಲಿ. ಮೈಸೂರು ಸಂಸ್ಥಾನದಲ್ಲಿ ಮುಖ್ಯ ಎಂಜಿನಿಯರ್ ಆಗಿದ್ದ ರಿಚರ್ಡ್ ಸ್ಯಾಂಕಿ ಅವರ ಹೆಸರನ್ನು ಅದು ಹೊತ್ತಿದೆ. ಸಮೀಪದಲ್ಲಿ ಸರ್ಕಾರದ ಶ್ರೀಗಂಧದ ಕೋಠಿ ಇದ್ದುದರಿಂದ ಜನ ಅದನ್ನು ಗಂಧದ ಕೋಠಿ ಕೆರೆ ಎಂದೂ ಕರೆದರು. ವಿಸ್ತೀರ್ಣ ಸುಮಾರು 37 ಎಕರೆ, ಎಂದರೆ ಹದಿನೈದು ಹೆಕ್ಟೇರ್. 1876ರಿಂದ 1878ರವರೆಗೆ ದಕ್ಷಿಣ ಭಾರತವನ್ನು ಕಾಡಿದ ಮಹಾ ಕ್ಷಾಮದ ನೆನಪು ಆಗಿನ್ನೂ ಹಸಿಯಾಗಿತ್ತು. ಅಂಥ ನೀರಿನ ಕೊರತೆ ಮತ್ತೆ ಬಂದರೆ ಊರಿಗೆ ಆಸರೆಯಾಗಲೆಂದು ಈ ಕೆರೆಯನ್ನು ಮಿಲ್ಲರ್ಸ್ ಕೆರೆ ಮತ್ತು ಧರ್ಮಾಂಬುಧಿ ಕೆರೆಗಳೊಂದಿಗೆ ಜೋಡಿಸಲಾಗಿತ್ತು. ಧರ್ಮಾಂಬುಧಿಯ ಅಂಗಳದಲ್ಲಿ ಇಂದು ಕೆಂಪೇಗೌಡ ಬಸ್ ನಿಲ್ದಾಣವಿದೆ. ಮಿಲ್ಲರ್ಸ್ ಕೆರೆಯ ನೆಲದ ಮೇಲೆ ಕಟ್ಟಡಗಳೆದ್ದಿವೆ. ಮೂರರಲ್ಲಿ ನೀರು ಉಳಿದಿರುವುದು ಸ್ಯಾಂಕಿಯಲ್ಲಿ ಮಾತ್ರ.

ಆನಂತರ ಬೆಂಗಳೂರಿನ ನೀರಿನ ಮೂಲಗಳು ದೂರ ದೂರಕ್ಕೆ ಸರಿಯುತ್ತ ಹೋದವು. 1894ರಲ್ಲಿ ಅರ್ಕಾವತಿಗೆ ಹೆಸರಘಟ್ಟದಲ್ಲಿ, 1933ರಲ್ಲಿ ತಿಪ್ಪಗೊಂಡನಹಳ್ಳಿಯಲ್ಲಿ ಜಲಾಶಯಗಳಾದವು; 1974ರಲ್ಲಿ ಕಾವೇರಿಯ ಮೊದಲ ಹಂತದ ನೀರು ಬಂತು. ಊರೊಳಗಿನ ಕೆರೆಯ ನೀರನ್ನು ಕುಡಿಯಲು ಯಾರೂ ಕೇಳದಂತಾದಾಗ ಅದು ವಿಹಾರದ ತಾಣವಾಯಿತು. ಆದರೆ ಅದರ ಏರಿ ಇಂದಿಗೂ ನೀರನ್ನು ಹೊತ್ತು ನಿಂತಿದೆ ಮತ್ತು ಏರಿಯ ಕೆಳಗೆ ಅಂದು ಇಲ್ಲದಿದ್ದ ಸಾವಿರಾರು ಮನೆಗಳು ಇಂದು ಇವೆ. ಕೆಲಸ ಬದಲಾದ ಕೆರೆಯ ಹೊಣೆ ಕಡಿಮೆಯಾಯಿತೆಂದು ತಿಳಿಯುವುದು ತಪ್ಪು, ಹೊಣೆ ಹೆಚ್ಚಾಗಿದೆ.

ಪ್ರಶ್ನೆ: ನಮ್ಮ ಊರಿನ ಕೆರೆಯಲ್ಲಿ ದೋಣಿವಿಹಾರ ಆರಂಭವಾಗಿದೆ. ಬೇಸಿಗೆಯಲ್ಲಿ ನೀರು ಇಳಿದು ದೋಣಿಗಳು ನಿಲ್ಲುತ್ತವೆಂಬ ಕಾರಣಕ್ಕೆ ಕೋಡಿಯ ಮೇಲೆ ಅರ್ಧ ಮೀಟರ್ ಎತ್ತರದ ಕಾಂಕ್ರೀಟ್ ಗೋಡೆ ಕಟ್ಟುವ ಪ್ರಸ್ತಾಪವಿದೆ. ಹೆಚ್ಚು ನೀರು ನಿಂತರೆ ಊರಿಗೂ ಒಳ್ಳೆಯದಲ್ಲವೆ? (ಓದುಗರೊಬ್ಬರು, ತುಮಕೂರು ಜಿಲ್ಲೆ)

ಉತ್ತರ: ಲೆಕ್ಕಾಚಾರವಿಲ್ಲದೆ ಕೋಡಿಯನ್ನು ಎತ್ತರಿಸುವುದನ್ನು ದಯವಿಟ್ಟು ಒಪ್ಪಬೇಡಿ. ನನಗೆ ಬರುವ ಪತ್ರಗಳಲ್ಲಿ ಅತಿ ಹೆಚ್ಚು ಆತಂಕ ತರುವುದು ಈ ಬಗೆಯ ಪ್ರಸ್ತಾಪವೇ ಆದ್ದರಿಂದ ತುಸು ವಿವರವಾಗಿ ಹೇಳುತ್ತೇನೆ.

ಕಲ್ಲಿನ ಅಥವಾ ಕಾಂಕ್ರೀಟಿನ ಅಣೆಕಟ್ಟಿನ ನೆತ್ತಿಯ ಮೇಲೆ ನೀರು ಹರಿದರೂ ಅದು ಸ್ವಲ್ಪ ಹೊತ್ತು ತಾಳಿಕೊಳ್ಳಬಹುದು. ಮಣ್ಣಿನ ಏರಿಗೆ ಆ ಶಕ್ತಿ ಇಲ್ಲ. ಏರಿಯ ತಲೆಯ ಮೇಲಿಂದ ನೀರು ಹೊರಮೈಗೆ ಇಳಿಯತೊಡಗಿದರೆ ಮಣ್ಣು ಕೊಚ್ಚಿಹೋಗುತ್ತ ಕೊರಕಲು ಆಳವಾಗುತ್ತದೆ ಮತ್ತು ಕೆಲವೇ ಗಂಟೆಗಳಲ್ಲಿ ಏರಿ ಒಡೆಯಬಹುದು. ಹಾಗಾಗದಂತೆ ಕಾಯುವುದೇ ಕೋಡಿಯ ಕೆಲಸ. ಆದ್ದರಿಂದಲೇ ಕೋಡಿಯ ಮಟ್ಟವನ್ನು ಏರಿಯ ತಲೆಗಿಂತ ಸಾಕಷ್ಟು ಕೆಳಗೆ ಇಟ್ಟಿರುತ್ತಾರೆ. ಈ ಅಂತರ ವ್ಯರ್ಥವಾಗಿ ಬಿಟ್ಟ ಜಾಗವಲ್ಲ. ದೊಡ್ಡ ಮಳೆ ಬಂದಾಗ ಕೋಡಿಯ ಮೇಲೆ ನೀರು ಎತ್ತರವಾಗಿ ಹರಿಯಲು, ಗಾಳಿಗೆ ಏಳುವ ಅಲೆ ಏರಿಯ ತಲೆಯನ್ನು ಮುಟ್ಟದಿರಲು ಅದೇ ಅವಕಾಶ.

ಈಗ ಲೆಕ್ಕ ನೋಡಿ. ಏರಿಯ ತಲೆ ಕೋಡಿಗಿಂತ ಒಂದು ಮೀಟರ್ ಮೇಲಿದೆ ಎಂದುಕೊಳ್ಳಿ. ಕೋಡಿಯ ಮೇಲೆ ಹರಿಯುವ ನೀರಿನ ಪ್ರಮಾಣ ನೀರಿನ ಎತ್ತರದ ಒಂದೂವರೆ ಘಾತಕ್ಕೆ ಅನುಗುಣವಾಗಿರುತ್ತದೆ. ಹತ್ತು ಮೀಟರ್ ಉದ್ದದ ಅಗಲ ನೆತ್ತಿಯ ಕೋಡಿಯ ಮೇಲೆ ಒಂದು ಮೀಟರ್ ಎತ್ತರಕ್ಕೆ ನೀರು ಹರಿದರೆ ಸೆಕೆಂಡಿಗೆ ಸುಮಾರು 17 ಘನ ಮೀಟರ್ ಹೊರಹೋಗುತ್ತದೆ. ಅದೇ ಕೋಡಿಯನ್ನು ಅರ್ಧ ಮೀಟರ್ ಎತ್ತರಿಸಿ, ಏರಿಯನ್ನು ಇದ್ದಷ್ಟೇ ಬಿಟ್ಟರೆ, ನೀರು ಏರಿಯ ತಲೆಯನ್ನು ಮುಟ್ಟುವ ಮೊದಲು ಅಲ್ಲಿ ಹರಿಯಬಲ್ಲದ್ದು ಸೆಕೆಂಡಿಗೆ ಸುಮಾರು 6 ಘನ ಮೀಟರ್ ಮಾತ್ರ. ಎತ್ತರ ಅರ್ಧಕ್ಕೆ ಇಳಿದಾಗ ಸಾಮರ್ಥ್ಯ ಅರ್ಧಕ್ಕಲ್ಲ, ಮೂರನೇ ಒಂದು ಭಾಗದ ಆಸುಪಾಸಿಗೆ ಇಳಿಯಿತು. ಮೀನು ತಪ್ಪಿಸಿಕೊಳ್ಳದಿರಲೆಂದು ಕೋಡಿಗೆ ಬಲೆ ಕಟ್ಟುವುದು, ಮರಳಿನ ಚೀಲ ಪೇರಿಸುವುದು ಕೂಡ ಇದೇ ಅಪಾಯವನ್ನು ತರುತ್ತವೆ. ಬಲೆಗೆ ಕಸ ಸಿಕ್ಕಿಕೊಂಡರೆ ಅದೂ ಗೋಡೆಯೇ ಆಗುತ್ತದೆ. ಮೇಲಾಗಿ, ನೀರಿನ ಮಟ್ಟ ಅರ್ಧ ಮೀಟರ್ ಏರಿದರೆ ಕೆರೆಯ ಹಿನ್ನೀರಿನ ಕಡೆಯ ಜಮೀನುಗಳೂ ಮನೆಗಳೂ ಮುಳುಗುತ್ತವೆ, ಆಗ ಅಲ್ಲಿಯವರು ಕೋಡಿಯನ್ನು ಒಡೆಯಲು ಮುಂದಾಗುತ್ತಾರೆ.

ನೀರು ಹೆಚ್ಚು ನಿಲ್ಲಬೇಕೆಂಬ ನಿಮ್ಮ ಊರಿನವರ ಆಸೆ ನ್ಯಾಯವಾದದ್ದು. ಅದಕ್ಕೆ ಸರಿಯಾದ ದಾರಿ ಹೂಳೆತ್ತುವುದು. ಇಲ್ಲಿಯೂ ಒಂದು ಎಚ್ಚರಿಕೆ ಬೇಕು: ಏರಿಯ ಒಳಬುಡಕ್ಕೆ ತಾಗಿಕೊಂಡಿರುವ ಹೂಳನ್ನು ತೆಗೆಯಬಾರದು. ಆ ಮಣ್ಣು ಏರಿಗೆ ಒತ್ತಾಸೆಯಾಗಿರುತ್ತದೆ. ಅದನ್ನು ಕಡಿದು ಆಳ ಮಾಡಿದರೆ ಏರಿಯ ಬುಡವೇ ಜಾರಬಹುದು. ಇನ್ನು ಬೇಸಿಗೆಯಲ್ಲಿ ನೀರು ಇಳಿಯುವುದು ಕೆರೆಯ ಸಹಜ ಗುಣ. ನಮ್ಮ ಬಯಲುಸೀಮೆಯ ಬಿಸಿಲಿಗೆ ತೆರೆದ ನೀರಿನಿಂದ ವರ್ಷಕ್ಕೆ ಒಂದೂವರೆ ಮೀಟರ್‌ನಷ್ಟು ಆವಿಯಾಗಿ ಹೋಗುತ್ತದೆ. ದೋಣಿಯ ಗುತ್ತಿಗೆಯನ್ನು ನೀರಿರುವ ತಿಂಗಳುಗಳಿಗೆ ಮಾತ್ರ ಕೊಡುವುದು ಗೋಡೆ ಕಟ್ಟುವುದಕ್ಕಿಂತ ಎಷ್ಟೋ ಮೇಲು.

ಪ್ರಶ್ನೆ: ಅಚ್ಚುಕಟ್ಟಿನಲ್ಲಿ ಬಡಾವಣೆಗಳಾಗಿ ಒಂದು ಗುಂಟೆ ಗದ್ದೆಯೂ ಉಳಿಯದ ಮೇಲೆ ಕೆರೆಗೆ ತೂಬು ಏಕೆ? ನಮ್ಮಲ್ಲಿ ಅದು ಸೋರುತ್ತಿದೆಯೆಂದು ಸಿಮೆಂಟ್ ತುಂಬಿ ಮುಚ್ಚಿದ್ದಾರೆ. (ನಿವೃತ್ತ ಶಿಕ್ಷಕರು, ಮೈಸೂರು)

ಉತ್ತರ: ಗದ್ದೆಗೆ ನೀರುಣಿಸುವುದು ತೂಬಿನ ಒಂದು ಕೆಲಸವಾಗಿತ್ತು. ಕೆರೆಯ ಮಟ್ಟವನ್ನು ನಾವು ಬಯಸಿದಾಗ ಇಳಿಸುವ ಶಕ್ತಿ ಕೊಡುವುದು ಅದರ ಇನ್ನೊಂದು ಕೆಲಸ ಮತ್ತು ಊರೊಳಗಿನ ಕೆರೆಗೆ ಇದೇ ಮುಖ್ಯವಾದದ್ದು. ಕೋಡಿ ತನ್ನ ಮಟ್ಟಕ್ಕಿಂತ ಮೇಲಿನ ನೀರನ್ನಷ್ಟೇ ಹೊರಹಾಕುತ್ತದೆ. ಏರಿಯಲ್ಲಿ ಬಿರುಕು ಕಂಡಿತೆನ್ನಿ, ಕೆರೆಯನ್ನು ತುರ್ತಾಗಿ ಎರಡು ಮೀಟರ್ ಇಳಿಸಬೇಕಾಯಿತೆನ್ನಿ, ತೂಬಿಲ್ಲದಿದ್ದರೆ ಪಂಪುಗಳನ್ನು ಹುಡುಕಬೇಕು ಇಲ್ಲವೆ ಏರಿಯನ್ನೇ ಕಡಿಯಬೇಕು.

ಪ್ರವಾಹವನ್ನು ತಡೆಯುವ ವಿಷಯವನ್ನೂ ಇದರೊಂದಿಗೆ ಯೋಚಿಸಿ. ಒಂದು ಚದರ ಕಿಲೋಮೀಟರ್ ಜಾಗದ ಮೇಲೆ 50 ಮಿಲಿಮೀಟರ್ ಮಳೆ ಸುರಿದರೆ ಅದು ಐದು ಕೋಟಿ ಲೀಟರ್ ನೀರು. ಹೊಲ ಗದ್ದೆ ತೋಪುಗಳ ಪ್ರದೇಶದಲ್ಲಿ ಬಹುಪಾಲು ನೆಲಕ್ಕೆ ಇಳಿಯುತ್ತಿತ್ತು. ತಾರಸಿ, ಟಾರು, ಕಾಂಕ್ರೀಟುಗಳಿಂದ ಮುಚ್ಚಿದ ಬಡಾವಣೆಯಲ್ಲಿ ನಾಲ್ಕು ಕೋಟಿ ಲೀಟರ್‌ವರೆಗೆ, ಅದೂ ಒಂದೆರಡು ಗಂಟೆಗಳಲ್ಲಿ, ರಾಜಕಾಲುವೆಗೆ ಬರಬಹುದು. ಸ್ಯಾಂಕಿಯಷ್ಟು ಹರವಿನ ಒಂದು ಕೆರೆಯನ್ನು ಮಳೆಗೆ ಮೊದಲು ಕೇವಲ ಮೂವತ್ತು ಸೆಂಟಿಮೀಟರ್ ಇಳಿಸಿಟ್ಟಿದ್ದರೆ ಅದರಲ್ಲಿ ನಾಲ್ಕೂವರೆ ಕೋಟಿ ಲೀಟರ್ ಹಿಡಿಸುತ್ತದೆ. ಆ ಮಳೆಯ ನೀರೆಲ್ಲ ಕೆರೆಯಲ್ಲೇ ನಿಂತು, ಕೆಳಗಿನ ಬೀದಿಗಳಿಗೆ ನುಗ್ಗುವ ಬದಲು ಮರುದಿನದಿಂದ ನಿಧಾನವಾಗಿ ಇಳಿದುಹೋಗುತ್ತದೆ. ಸದಾ ತುಂಬಿದ್ದು ಕಣ್ಣಿಗೆ ಚೆಂದ ಕಾಣುವ ಕೆರೆಯಲ್ಲಿ ಈ ಅವಕಾಶವೇ ಇರುವುದಿಲ್ಲ.

ಹಿಂದೆ ಈ ಕೆಲಸಕ್ಕೆ ನೀರಗಂಟಿ ಇರುತ್ತಿದ್ದ. ಯಾವಾಗ ತೂಬು ಎತ್ತಬೇಕು, ಎಷ್ಟು ಎತ್ತಬೇಕು, ಯಾವ ಗದ್ದೆಗೆ ಯಾವ ಸರದಿ ಎಂಬುದನ್ನೆಲ್ಲ ಬಲ್ಲವನು ಅವನು. ಅವನಿಗೆ ಸಲ್ಲಬೇಕಾದ ಧಾನ್ಯವನ್ನು ಅಚ್ಚುಕಟ್ಟಿನ ರೈತರು ಕೊಡುತ್ತಿದ್ದರು. ಕೆರೆಯ ದುರಸ್ತಿಗೆಂದು ಬಿತ್ತುವಟ್ಟ ಎಂಬ ದತ್ತಿ ಬಿಟ್ಟದ್ದನ್ನು ನಮ್ಮ ನಾಡಿನ ನೂರಾರು ಶಾಸನಗಳು ಹೇಳುತ್ತವೆ. ಎಂದರೆ ಕಟ್ಟುವ ದಿನವೇ ಕಾಪಾಡುವ ಖರ್ಚಿಗೂ ದಾರಿ ಮಾಡಿಡುತ್ತಿದ್ದರು. ಇಂದಿನ ವಿಹಾರದ ಕೆರೆಗಳಲ್ಲಿ ಟಿಕೆಟ್ ಕೊಡುವವರು, ಗಿಡ ಕತ್ತರಿಸುವವರು, ಕಾವಲಿನವರು ಇದ್ದಾರೆ. ತೂಬಿನ ಜವಾಬ್ದಾರಿ ಹೊತ್ತವರು ಬಹುತೇಕ ಕಡೆ ಇಲ್ಲ. ಪ್ರವೇಶ ಶುಲ್ಕದ ಒಂದು ಪಾಲನ್ನು ಈ ಒಬ್ಬ ವ್ಯಕ್ತಿಯ ಸಂಬಳಕ್ಕೆ ತೆಗೆದಿಡಬೇಕೆಂದು ನಾನು ಬಲವಾಗಿ ನಂಬುತ್ತೇನೆ. ನಿಮ್ಮ ಕೆರೆಯ ಮುಚ್ಚಿದ ತೂಬಿನ ಬದಲು ಬಾಗಿಲಿರುವ ಹೊಸ ತೂಬನ್ನು ಬೇಸಿಗೆಯಲ್ಲಿ, ನೀರು ಕೆಳಮಟ್ಟದಲ್ಲಿರುವಾಗ, ಬಲ್ಲ ಎಂಜಿನಿಯರ್ ಮೇಲ್ವಿಚಾರಣೆಯಲ್ಲಿ ಹಾಕಿಸುವಂತೆ ಒತ್ತಾಯಿಸಿ. ತೂಬಿನ ಕೊಳವೆಯ ಸುತ್ತ ಮಣ್ಣನ್ನು ಸರಿಯಾಗಿ ದಮ್ಮಸು ಮಾಡದೆ ಬಿಟ್ಟರೆ ನೀರು ಅಲ್ಲಿಯೇ ದಾರಿ ಹುಡುಕಿಕೊಳ್ಳುತ್ತದೆ.

ಪ್ರಶ್ನೆ: ಏರಿಯ ಹೊರಬದಿಯಲ್ಲಿ ಒಂದು ಕಡೆ ನೆಲ ಸದಾ ಒದ್ದೆಯಾಗಿರುತ್ತದೆ. ಹತ್ತಿರದಲ್ಲೇ ಅರಳಿಯ ಗಿಡವೊಂದು ಬೆಳೆದಿದೆ. ನಡಿಗೆಯ ದಾರಿಗೆ ದೀಪದ ಕಂಬ ನೆಡಲು ಏರಿಯ ಮೇಲೆ ಗುಂಡಿಗಳನ್ನೂ ತೋಡಿದ್ದಾರೆ. ಇದು ಅಪಾಯವೆ? (ಓದುಗರೊಬ್ಬರು, ಹುಬ್ಬಳ್ಳಿ)

ಉತ್ತರ: ಮೂರೂ ಗಮನಿಸಬೇಕಾದ ಸಂಗತಿಗಳೇ. ಮಣ್ಣಿನ ಏರಿಯ ಮೂಲಕ ಸ್ವಲ್ಪ ನೀರು ಒಸರುವುದು ಸಹಜ. ಆದರೆ ಒಸರುವ ನೀರಿನ ಬಣ್ಣ ನೋಡಬೇಕು. ಗಾಜಿನ ಲೋಟದಲ್ಲಿ ಹಿಡಿದು ಸ್ವಲ್ಪ ಹೊತ್ತು ಇಟ್ಟಾಗ ತಿಳಿಯಾಗಿಯೇ ಇದ್ದು, ತಳದಲ್ಲಿ ಮಣ್ಣು ಕೂರದಿದ್ದರೆ ತಕ್ಷಣದ ಗಾಬರಿ ಬೇಡ. ಕೆಸರು ಬಣ್ಣದ ನೀರು ಬಂದರೆ, ಒಸರು ದಿನದಿಂದ ದಿನಕ್ಕೆ ಹೆಚ್ಚಾದರೆ, ಅಥವಾ ಬುಡದಲ್ಲಿ ಮರಳು ಕುದಿಯುವಂತೆ ಎದ್ದರೆ ಏರಿಯ ಒಳಗಿನ ಮಣ್ಣು ಕೊಚ್ಚಿ ಹೊರಬರುತ್ತಿದೆ ಎಂದರ್ಥ. ಆಗ ಅದೇ ದಿನ ಸಂಬಂಧಪಟ್ಟ ಎಂಜಿನಿಯರ್‌ಗೆ ತಿಳಿಸಿ, ಕೆರೆಯ ಮಟ್ಟ ಇಳಿಸುವ ಕೆಲಸ ಶುರುವಾಗಬೇಕು. ಒಸರುವ ಜಾಗವನ್ನು ಹೊರಗಿನಿಂದ ಸಿಮೆಂಟ್ ಬಳಿದು ಮುಚ್ಚುವುದು ತಪ್ಪು. ನೀರು ಒಳಗೇ ಒತ್ತಡ ಕಟ್ಟಿಕೊಂಡು ಬೇರೆಲ್ಲಿಯೋ ಹೊರಬೀಳುತ್ತದೆ. ಮರಳು ಮತ್ತು ಜಲ್ಲಿಯ ಪದರಗಳನ್ನು ಹಾಕಿ, ಮಣ್ಣು ಬಾರದಂತೆ ತಡೆದು ನೀರಷ್ಟೇ ಹೊರಹೋಗಲು ಬಿಡುವುದು ಸರಿಯಾದ ಕ್ರಮ.

ಈ ತಿಳಿವಳಿಕೆ ನಮ್ಮಲ್ಲಿ ಹೊಸದೇನಲ್ಲ. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ ಕಟ್ಟಿಸಿದ, ಇಂದಿನ ಆಂಧ್ರದ ಕಡಪ ಜಿಲ್ಲೆಯ ಪೋರುಮಾಮಿಳ್ಳ ಕೆರೆಯ ಬಳಿ 1369ರ ಶಾಸನವಿದೆ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಯ ಆರು ದೋಷಗಳನ್ನೂ ಅದು ಪಟ್ಟಿ ಮಾಡುತ್ತದೆ. ಆ ದೋಷಗಳಲ್ಲಿ ಏರಿಯಿಂದ ನೀರು ಒಸರುವುದೂ ಒಂದು.

ಅರಳಿ, ಆಲ, ಅತ್ತಿಯಂಥ ಮರಗಳು ಏರಿಯ ಮೇಲೂ ತೂಬು, ಕೋಡಿಗಳ ಕಲ್ಲುಗಳ ಸಂದಿನಲ್ಲೂ ಬೇರೂರಬಾರದು. ಬೇರು ಕಲ್ಲನ್ನು ಸೀಳುತ್ತದೆ, ಮರ ಸತ್ತ ಮೇಲೆ ಬೇರು ಕೊಳೆತು ಏರಿಯ ಒಡಲಲ್ಲಿ ಟೊಳ್ಳು ದಾರಿ ಉಳಿಯುತ್ತದೆ, ಬಿರುಗಾಳಿಗೆ ಮರ ಬುಡಸಮೇತ ಉರುಳಿದರೆ ಏರಿಯ ತುಂಡನ್ನೇ ಕಿತ್ತುಕೊಂಡು ಬೀಳುತ್ತದೆ. ಗಿಡ ಚಿಕ್ಕದಿರುವಾಗಲೇ ಬೇರುಸಹಿತ ತೆಗೆದು ಮಣ್ಣು ದಮ್ಮಸು ಮಾಡಬೇಕು. ಹಳೆಯ ದೊಡ್ಡ ಮರವಿದ್ದರೆ ಅವಸರದಿಂದ ಕಡಿಯುವುದು ಬೇಡ. ಬೇರುಗಳು ಕೊಳೆತಾಗ ಆಗುವ ಪರಿಣಾಮವನ್ನು ಯೋಚಿಸಿ, ಬಲ್ಲವರ ಸಲಹೆಯಂತೆ ನಡೆಯಬೇಕು. ನೆರಳಿಗಾಗಿ ಹೊಂಗೆ, ಹುಣಸೆ, ನೇರಳೆ ನೆಡುವವರು ಏರಿಯ ಬುಡದಿಂದ ದೂರದಲ್ಲಿ, ಕೆರೆಯ ಉಳಿದ ಮೂರು ದಿಕ್ಕಿನ ದಂಡೆಗಳಲ್ಲಿ ನೆಡಲಿ. ಏರಿಯ ಹೊರಮೈಗೆ ಗರಿಕೆಗಿಂತ ಒಳ್ಳೆಯ ಹೊದಿಕೆ ಇಲ್ಲ.

ಅಗೆಯುವ ವಿಷಯದಲ್ಲಿ ಸಡಿಲಿಕೆಯೇ ಕೂಡದು. 2019ರ ನವೆಂಬರ್ 24ರಂದು ಬೆಂಗಳೂರಿನ ಹುಳಿಮಾವು ಕೆರೆಯ ಏರಿ ಒಡೆದು ನೂರಾರು ಮನೆಗಳಿಗೆ ನೀರು ನುಗ್ಗಿತು. ಏರಿಯ ಬಳಿ ಯಂತ್ರದಿಂದ ಅಗೆದದ್ದು ಕಾರಣವೆಂದು ಆಗ ವರದಿಯಾಗಿತ್ತು. ಆ ದಿನ ಅಲ್ಲಿ ಮಹಾಮಳೆ ಏನೂ ಇರಲಿಲ್ಲ ಎಂಬುದನ್ನು ನೆನಪಿಡಬೇಕು. ದೀಪದ ಕಂಬ, ಕೇಬಲ್, ಒಳಚರಂಡಿ ಕೊಳವೆ ಯಾವುದಕ್ಕೂ ಏರಿಯನ್ನು ಕಡಿಯದೆ ಬೇರೆ ದಾರಿ ಹುಡುಕಬೇಕು. ನಿಮ್ಮಲ್ಲಿ ತೋಡಿರುವ ಗುಂಡಿಗಳನ್ನು ಮಳೆಗಾಲಕ್ಕೆ ಮೊದಲೇ ಪದರ ಪದರವಾಗಿ ಜೇಡಿಮಣ್ಣು ತುಂಬಿ ದಮ್ಮಸು ಮಾಡಿಸುವಂತೆ ಲಿಖಿತವಾಗಿ ಕೇಳಿ.

ಪ್ರಶ್ನೆ: ಅಣೆಕಟ್ಟುಗಳ ಸುರಕ್ಷತೆಗೆ ಕೇಂದ್ರದ ಕಾನೂನು ಬಂದಿದೆಯಲ್ಲ, ಅದು ನಮ್ಮ ಕೆರೆಗಳಿಗೆ ಅನ್ವಯಿಸುವುದೆ? (ಕಾನೂನು ವಿದ್ಯಾರ್ಥಿನಿ, ದಾವಣಗೆರೆ)

ಉತ್ತರ: ಬಹುಪಾಲು ಕೆರೆಗಳಿಗೆ ಅನ್ವಯಿಸುವುದಿಲ್ಲ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆಯು 15 ಮೀಟರ್‌ಗಿಂತ ಎತ್ತರದ ಅಣೆಕಟ್ಟುಗಳನ್ನು ಒಳಗೊಳ್ಳುತ್ತದೆ. 10ರಿಂದ 15 ಮೀಟರ್ ಎತ್ತರದವನ್ನು, ಉದ್ದ 500 ಮೀಟರ್‌ಗೆ ಕಡಿಮೆಯಿಲ್ಲದಿರುವುದು ಅಥವಾ ಸಂಗ್ರಹ ಹತ್ತು ಲಕ್ಷ ಘನ ಮೀಟರ್‌ಗೆ ಕಡಿಮೆಯಿಲ್ಲದಿರುವುದು ಮುಂತಾದ ಷರತ್ತುಗಳಲ್ಲಿ ಒಂದಾದರೂ ಪೂರೈಸಿದರೆ ಮಾತ್ರ ಒಳಗೊಳ್ಳುತ್ತದೆ. ಊರೊಳಗಿನ ಕೆರೆಯ ಏರಿ ಹತ್ತು ಮೀಟರ್ ಮುಟ್ಟುವುದೇ ಅಪರೂಪ. ಹೀಗಾಗಿ ಆ ಕಾಯ್ದೆ ವಿಧಿಸುವ ಮಳೆಗಾಲದ ಮೊದಲಿನ ಮತ್ತು ನಂತರದ ಕಡ್ಡಾಯ ತಪಾಸಣೆ ಇವುಗಳಿಗೆ ದೊರೆಯುವುದಿಲ್ಲ. ರಾಜ್ಯದಲ್ಲಿ 40 ಹೆಕ್ಟೇರ್‌ಗಿಂತ ಹೆಚ್ಚಿನ ಅಚ್ಚುಕಟ್ಟಿರುವ ಕೆರೆಗಳು ಸಣ್ಣ ನೀರಾವರಿ ಇಲಾಖೆಗೂ ಅದಕ್ಕಿಂತ ಚಿಕ್ಕವು ಪಂಚಾಯಿತಿಗಳಿಗೂ ಸೇರುವ ಪದ್ಧತಿಯಿದೆ. 2014ರ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರ ಕಾಯ್ದೆ ಮುಖ್ಯವಾಗಿ ಒತ್ತುವರಿ, ಮಾಲಿನ್ಯಗಳತ್ತ ನೋಡುತ್ತದೆ. ಏರಿಯ ಗಟ್ಟಿತನವನ್ನು ವರ್ಷಕ್ಕೊಮ್ಮೆ ಪರೀಕ್ಷಿಸುವ ನಿಯಮ ಸಣ್ಣ ಕೆರೆಗಳಿಗೂ ಬರಬೇಕು. ಎತ್ತರವನ್ನು ಅಳೆದು ಅಪಾಯವನ್ನು ನಿರ್ಧರಿಸುವ ಬದಲು ಏರಿಯ ಕೆಳಗೆ ಎಷ್ಟು ಮನೆಗಳಿವೆ ಎಂಬುದನ್ನು ಎಣಿಸಬೇಕು ಎಂಬುದು ನನ್ನ ನಿಲುವು. ನಿಮ್ಮದೇ ಊರಿನ ಕುಂದವಾಡ ಕೆರೆ ಭದ್ರಾ ನಾಲೆಯಿಂದ ತುಂಬಿಕೊಂಡು ಕುಡಿಯುವ ನೀರನ್ನೂ ಕೊಡುತ್ತದೆ, ವಾಯುವಿಹಾರಿಗಳನ್ನೂ ಸಲಹುತ್ತದೆ. ಇಂಥ ಎರಡು ಹೊಣೆಯ ಕೆರೆಗಳನ್ನು ಅಧ್ಯಯನಕ್ಕೆ ಆರಿಸಿಕೊಂಡರೆ ನಿಮಗೆ ಒಳ್ಳೆಯ ವಿಷಯ ದೊರೆಯುತ್ತದೆ.

ಪ್ರಶ್ನೆ: ಕೆರೆಯನ್ನು ಅಭಿವೃದ್ಧಿಪಡಿಸಿದ ಮೇಲೆ ಹಕ್ಕಿಗಳು ಬರುವುದು ನಿಂತಿದೆ, ಬೇಸಿಗೆಯಲ್ಲಿ ಮೀನುಗಳೂ ಸತ್ತು ತೇಲುತ್ತವೆ. ಏಕೆ? (ಗೃಹಿಣಿ, ಬೆಂಗಳೂರು)

ಉತ್ತರ: ಹಕ್ಕಿಗಳಿಗೆ ಬೇಕಾದದ್ದು ಮೊಣಕಾಲುದ್ದದ ನೀರು, ಕೆಸರು, ಜೊಂಡು. ಅಭಿವೃದ್ಧಿಯ ಹೆಸರಿನಲ್ಲಿ ಕೆರೆಯ ಸುತ್ತ ಕಡಿದಾದ ದಂಡೆ ಎತ್ತಿ ಅಂಗಳವನ್ನು ಬಟ್ಟಲಿನಂತೆ ತೋಡಿದಾಗ ಕೊಕ್ಕರೆಗೆ ನಿಲ್ಲಲು ನೆಲೆಯೇ ಇರುವುದಿಲ್ಲ. ನೀರು ಒಳಬರುವ ಕಡೆಯನ್ನಾದರೂ ಇಳಿಜಾರಾಗಿ, ಜೊಂಡಿನೊಂದಿಗೆ, ದೋಣಿ ಹೋಗದಂತೆ ಬಿಡಬೇಕು. ಮೀನು ಸಾಯುವುದಕ್ಕೆ ಸಾಮಾನ್ಯ ಕಾರಣ ಕೊಳಚೆ ನೀರು: ಅದರ ಸಾರದಿಂದ ಪಾಚಿ ಹೆಚ್ಚಿ, ಬಿಸಿಲಿನ ದಿನಗಳಲ್ಲಿ ರಾತ್ರಿಯ ವೇಳೆ ನೀರಿನಲ್ಲಿ ಕರಗಿದ ಆಮ್ಲಜನಕ ಮುಗಿದುಹೋಗುತ್ತದೆ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಮೀನುಗಳು ರಾಶಿರಾಶಿಯಾಗಿ ಸತ್ತದ್ದನ್ನು ನೀವು ಓದಿರಬಹುದು. ಜಕ್ಕೂರು ಕೆರೆಯಲ್ಲಿ ಶುದ್ಧೀಕರಣ ಘಟಕದಿಂದ ಹೊರಬಂದ ನೀರು ಜೊಂಡಿನ ಜೌಗು ಪ್ರದೇಶವನ್ನು ದಾಟಿ ಕೆರೆಗೆ ಸೇರುವ ಏರ್ಪಾಡಿದೆ. ನೋಡಿ ಕಲಿಯಬೇಕಾದ ಕ್ರಮವದು. ಯಂತ್ರದ ದೋಣಿಗಳಿಗಿಂತ ತುಳಿಯುವ ದೋಣಿಗಳು ಒಳ್ಳೆಯವು. ಯಂತ್ರದ ದೋಣಿ ಎಬ್ಬಿಸುವ ಅಲೆ ದಂಡೆಯ ಕಲ್ಲು ಹೊದಿಕೆಯನ್ನೂ ಸಡಿಲಿಸುತ್ತದೆ.

ಪ್ರಶ್ನೆ: ಕೆರೆ ತುಂಬಿದರೆ ಸುತ್ತಲಿನ ಕೊಳವೆಬಾವಿಗಳಲ್ಲಿ ನೀರು ಏರುವುದು ಖಚಿತವೆ? (ರೈತರು, ಕೋಲಾರ ಜಿಲ್ಲೆ)

ಉತ್ತರ: ಖಚಿತವೆನ್ನಲಾಗದು. ತಳದಲ್ಲಿ ನಯವಾದ ಹೂಳು ದಪ್ಪವಾಗಿ ಕೂತಿದ್ದರೆ ಇಂಗುವುದು ನಿಧಾನ. ಕೆಳಗಿನ ಗಟ್ಟಿ ಶಿಲೆಯಲ್ಲಿ ಬಿರುಕುಗಳು ಎತ್ತ ಸಾಗಿವೆ ಎಂಬುದರ ಮೇಲೆ ಯಾವ ಬಾವಿಗೆ ಲಾಭವೆಂಬುದು ನಿಲ್ಲುತ್ತದೆ. ತೆರೆದ ಬಾವಿಗಳಲ್ಲಿ ಪರಿಣಾಮ ಬೇಗ ಕಾಣುತ್ತದೆ.

ಪ್ರಶ್ನೆ: ನಮ್ಮ ವಾಯುವಿಹಾರಿಗಳ ಬಳಗ ಕೆರೆಗಾಗಿ ಏನಾದರೂ ಮಾಡಬೇಕೆಂದಿದೆ. ಕಸ ಹೆಕ್ಕುವುದು, ಗಿಡ ನೆಡುವುದು ನಡೆದೇ ಇದೆ. ಬೇರೇನು ಮಾಡಬಹುದು? (ಬಳಗದ ಪರವಾಗಿ, ಶಿವಮೊಗ್ಗ)

ಉತ್ತರ: ದಿನವೂ ಏರಿಯ ಮೇಲೆ ನಡೆಯುವ ನಿಮಗಿಂತ ಒಳ್ಳೆಯ ಕಾವಲುಗಾರರು ಕೆರೆಗೆ ಸಿಗಲಾರರು. ತೂಬಿನ ಬಳಿ ಸೆಂಟಿಮೀಟರ್ ಗುರುತುಗಳಿರುವ ಅಳತೆಪಟ್ಟಿಯನ್ನು ಅನುಮತಿ ಪಡೆದು ಹಾಕಿಸಿ, ವಾರಕ್ಕೊಮ್ಮೆ ನೀರಿನ ಮಟ್ಟವನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಕೋಡಿ ಬಿದ್ದ ದಿನ, ಆ ಹಿಂದಿನ ದಿನದ ಮಳೆ, ಕೋಡಿಯ ಮೇಲೆ ನೀರು ಎಷ್ಟು ಎತ್ತರಕ್ಕೆ ಹರಿಯಿತು ಎಂಬುದನ್ನೂ ಸೇರಿಸಿ; ಹತ್ತು ಮಳೆಗಾಲಗಳ ಇಂಥ ದಾಖಲೆ ಇದ್ದರೆ ಕೋಡಿ ಸಾಲುತ್ತದೆಯೋ ಇಲ್ಲವೋ ಎಂಬುದನ್ನು ಯಾವ ಎಂಜಿನಿಯರ್ ಆದರೂ ಲೆಕ್ಕಹಾಕಿ ಹೇಳಬಲ್ಲರು. ಮೇ ತಿಂಗಳಲ್ಲಿ ಒಮ್ಮೆ ಕೋಡಿಯ ಕಾಲುವೆಯುದ್ದಕ್ಕೂ ಅದು ಮುಂದಿನ ಕೆರೆಯನ್ನು ಸೇರುವವರೆಗೆ ನಡೆದು, ಎಲ್ಲಿ ಒತ್ತುವರಿಯಿದೆ, ಎಲ್ಲಿ ಕಟ್ಟಡದ ಅವಶೇಷ ಸುರಿದಿದ್ದಾರೆ ಎಂಬುದನ್ನು ಚಿತ್ರ ಸಹಿತ ಪಾಲಿಕೆಗೆ ಕೊಡಿ. ಏರಿಯ ಮೇಲೆ ಹೆಗ್ಗಣದ ಬಿಲ, ಹುತ್ತ, ಕುಸಿತ ಕಂಡರೆ ಜಾಗವನ್ನು ಗುರುತಿಸಿ ತಿಳಿಸಿ. ದೂರನ್ನು ಬಾಯಿಮಾತಿನಲ್ಲಿ ಬಿಡದೆ ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ. ಮುಂಗಾರು ಬರುವ ಮೊದಲು ಅದರ ಮೇಲೆ ಕ್ರಮವಾಯಿತೇ ಎಂದು ಮತ್ತೆ ಹೋಗಿ ಕೇಳಿ.